ಇನ್ನೊಂದು ಸುತ್ತು

ಅಳಿಯನ ಬಳಿ ಒಂದು ಸ್ಕ್ರೂಡ್ರೈವರೂ ಇರಲಿಲ್ಲ. ಸುತ್ತಿಗೆಯೂ ಇರಲಿಲ್ಲ, ಇಕ್ಕಳವೂ ಇರಲಿಲ್ಲ. ಮದುವೆಯಾದಾಗಿನಿಂದ ಹೆಂಡತಿಯ ತವರಿನಲ್ಲೇ ಇದ್ದವನಿಗೆ ಅವು ಬೇಕಾಗಿಯೂ ಇರಲಿಲ್ಲ. ಆ ಮನೆಯ ಸಾಮಾನೆಲ್ಲ ಮಾವನದು. ನಲ್ಲಿ ಸೋರಿದರೆ ಮಾವ ಅದರ ಕೆಳಗೆ ಮಲಗಿ ರಿಪೇರಿ ಮಾಡುತ್ತಿದ್ದರು, ಇವನು ಟಾರ್ಚ್ ಹಿಡಿದು ನಿಲ್ಲುತ್ತಿದ್ದ.

"ನಲ್ಲಿಗೆ ಹಿಡೀರಿ ಅಳಿಯಂದ್ರೇ, ನನ್ನ ಮೂತಿಗಲ್ಲ. ನನ್ನ ಮೂತಿ ಸೋರ್ತಾ ಇಲ್ಲ," ಎನ್ನುತ್ತಿದ್ದರು ಮಾವ.

ಆ ಬೀದಿಯಲ್ಲಿ ಅವನಿಗೆ ಬೇರೆ ಹೆಸರೇ ಉಳಿದಿರಲಿಲ್ಲ. ಹಾಲಿನವನಿಗೂ ಅವನು ಅಳಿಯ, ಇಸ್ತ್ರಿಯವನಿಗೂ ಅಳಿಯ. ಊರಿಗೆಲ್ಲ ಒಬ್ಬನೇ ಅಳಿಯ ಎಂಬಂತೆ.

ಹಾಗಾಗಿ ಬಾಡಿಗೆಗೆ ಬೇರೆ ಮನೆ ಗೊತ್ತಾದ ದಿನ ಅವನು ಮೊದಲು ಕೊಂಡದ್ದು ಬಕೆಟ್ಟನ್ನಲ್ಲ, ಪೊರಕೆಯನ್ನೂ ಅಲ್ಲ. ಗೋದಾಮಿನ ಕೆಲಸ ಮುಗಿಸಿ ನೇರ ಹಾರ್ಡ್‌ವೇರ್ ಅಂಗಡಿಗೆ ಹೋದ.

"ಏನು ಕೆಲಸಕ್ಕೆ ಬೇಕು?" ಅಂಗಡಿಯವನು ಕೇಳಿದ.

"ಹೊಸ ಮನೆಗೆ."

"ಅದೇ, ಹೊಸ ಮನೇಲಿ ಏನು ಕೆಲಸ?"

"ಎಲ್ಲಾ ಕೆಲಸ."

ಅಂಗಡಿಯವನು ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಕೆಂಪು ಪ್ಲಾಸ್ಟಿಕ್ಕಿನ ಪೆಟ್ಟಿಗೆಯೊಂದನ್ನು ಮುಂದಿಟ್ಟ. "ಇದು ತಗೊಳ್ಳಿ. ಮನೆ ಕಟ್ಟೋದೂ ಇದ್ರಲ್ಲೇ, ಕೆಡವೋದೂ ಇದ್ರಲ್ಲೇ."

ಪೆಟ್ಟಿಗೆಯ ಒಳಗೆ ಒಂದೊಂದು ಉಪಕರಣಕ್ಕೂ ಅದರದೇ ಆಕಾರದ ಗುಳಿ ಇತ್ತು. ಇಕ್ಕಳ ಗೊತ್ತಾಯಿತು, ಸುತ್ತಿಗೆ ಗೊತ್ತಾಯಿತು, ಅಳತೆ ಟೇಪು ಗೊತ್ತಾಯಿತು. ಉಳಿದವುಗಳಲ್ಲಿ ಹೆಚ್ಚಿನವು ಯಾಕೆ ಬೇಕು ಎಂದು ತಿಳಿಯಲಿಲ್ಲ. ಎಲ್ ಆಕಾರದ ಕಬ್ಬಿಣದ ಕಡ್ಡಿಗಳು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ, ಕುಟುಂಬದ ಫೋಟೋಗೆ ನಿಂತ ಹಾಗೆ ನಿಂತಿದ್ದವು. ಅವು ಯಾವುದರೊಳಗೆ ಹೋಗುತ್ತವೆ ಎಂದು ಕೇಳಲು ನಾಚಿಕೆಯಾಗಿ ಸುಮ್ಮನೆ ಬಂದ.

ಒಂದು ವಾರದ ಮೇಲೆ, ಸಂಜೆ ಹೊತ್ತಿಗೆ ಸಾಮಾನು ಸಾಗಿಸಿದರು. ಎರಡು ಕೋಣೆಯ ಮಹಡಿ ಮನೆ. ಇಕ್ಕಟ್ಟಾದ ಮೆಟ್ಟಿಲು. ಸಾಮಾನಿನಲ್ಲಿ ಹೆಚ್ಚಿನದು ಹೆಂಡತಿಯದೇ: ಹೊಲಿಗೆ ಯಂತ್ರ, ಅದರ ಕಾಲುಮಣೆಯ ಸ್ಟ್ಯಾಂಡು, ಬಟ್ಟೆಯ ಎರಡು ಗಂಟು. ಅವಳು ಮೊದಲು ಒಂದು ಟೈಲರ್ ಅಂಗಡಿಯಲ್ಲಿ ಹೊಲಿಯುತ್ತಿದ್ದಳು. ಈಗ ಅಂಗಡಿ ಬಿಟ್ಟು ಸ್ವಂತಕ್ಕೆ ಹಿಡಿದ ಮೊದಲ ಕೆಲಸ, ಒಂದು ಆಸ್ಪತ್ರೆಯ ದಾದಿಯರಿಗೆ ಹನ್ನೆರಡು ಬಿಳಿ ಕೋಟು. ಬಟ್ಟೆಯನ್ನೂ ಅವಳೇ ದುಡ್ಡು ಹಾಕಿ ಕೊಂಡಿದ್ದಳು. ಪ್ರತಿ ಕೋಟಿನ ಜೇಬಿನ ಮೇಲೆ ಆಸ್ಪತ್ರೆಯ ಹೆಸರನ್ನು ನೀಲಿ ದಾರದಲ್ಲಿ ಕಸೂತಿ ಮಾಡಿಯೂ ಆಗಿತ್ತು. ಆರು ಕೋಟು ಮುಗಿದಿದ್ದವು. ಉಳಿದ ಆರಕ್ಕೆ ತೋಳು ಕೂಡಿಸಿ ಅಂಚು ಹೊಲಿಯಬೇಕಿತ್ತು. ಮರುದಿನ ಸಂಜೆ ಐದಕ್ಕೆ ಆಸ್ಪತ್ರೆಯ ಅಟೆಂಡರ್ ಬಂದು ಒಯ್ಯುತ್ತಾನೆ. ದಾದಿಯರ ಮೇಲ್ವಿಚಾರಕಿ ಮೇಟ್ರನ್ ಗಡುವು ಮೀರಿದರೆ ಮುಖ ನೋಡುವವಳಲ್ಲ ಎಂದು ಅಂಗಡಿಯಲ್ಲಿದ್ದಾಗಲೇ ಅವಳಿಗೆ ಗೊತ್ತಿತ್ತು. ಆದರೆ ಈ ಕೋಟುಗಳು ಸರಿಯಾಗಿ ಹೋದರೆ ಆ ಆಸ್ಪತ್ರೆಯ ಕೋಟುಗಳೆಲ್ಲ ಇನ್ನು ಮುಂದೆ ಅವಳಿಗೇ.

ಮರುದಿನಕ್ಕೆ ಅವನು ಗೋದಾಮಿಗೆ ರಜೆ ಹಾಕಿದ್ದ. ಬೆಳಿಗ್ಗೆ ಅವಳು ದಾರ ಮತ್ತು ಗುಂಡಿ ತರಲು ಪೇಟೆಗೆ ಹೊರಟಳು. "ಮಷಿನ್ ಸ್ಟ್ಯಾಂಡಿನ ಮೇಲೆ ಕೂರಿಸಿಡಿ ರೀ. ಬೇರೇನೂ ಮುಟ್ಬೇಡಿ."

ಅವನು ಕೂರಿಸಿದ. ಹೊಸ ಸ್ಕ್ರೂಡ್ರೈವರಿನಿಂದ ಎರಡು ಸ್ಕ್ರೂ ಹಾಕಿದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಯಿತು. ಆ ಖುಷಿಯಲ್ಲಿ ಬಲಗಡೆಯ ಚಕ್ರವನ್ನು ಒಮ್ಮೆ ತಿರುಗಿಸಿದ. ಚಕ್ರ ಗಿರ್ರನೆ ತಿರುಗಿತು. ಸೂಜಿ ನಿಂತಲ್ಲೇ ನಿಂತಿತ್ತು.

ಮತ್ತೆ ತಿರುಗಿಸಿದ. ಚಕ್ರಕ್ಕೂ ಸೂಜಿಗೂ ಮಾತುಕತೆಯೇ ಇಲ್ಲ.

ನಿನ್ನೆ ಯಂತ್ರವನ್ನು ಮೆಟ್ಟಿಲು ಹತ್ತಿಸಿದವನು ತಾನು. ಒಂದು ಕಡೆ ಗೋಡೆಗೆ ತಗುಲಿಸಿದ್ದು ನೆನಪಾಯಿತು. ಅಲ್ಲೇ ಏನೋ ಕಿತ್ತುಹೋಗಿರಬೇಕು. ಇಂಗು ತಿಂದ ಮಂಗನ ಹಾಗೆ ಸ್ವಲ್ಪ ಹೊತ್ತು ಕೂತ. ಆಮೇಲೆ ಚಕ್ರದ ನಡುವೆ ರೂಪಾಯಿ ನಾಣ್ಯದಗಲದ ತಿರುಪೊಂದು ಕಂಡಿತು. ಮುಟ್ಟಿದರೆ ಸಡಿಲ.

ಗೋದಾಮಿನಲ್ಲಿ ಅವನ ಕೆಲಸ ಲಾರಿಗೆ ಹೋಗುವ ಸರಕು ಕಟ್ಟುವುದು. ಅಲ್ಲಿ ಇದ್ದದ್ದು ಒಂದೇ ಪಾಠ. ದಾರಿಗೆ ಬೀಳುವ ಯಾವುದೂ ಸಡಿಲ ಇರಬಾರದು. ಹಗ್ಗ ಬಿಗಿಯಾಯಿತು ಅನ್ನಿಸಿದ ಮೇಲೆ ಇನ್ನೊಂದು ಸುತ್ತು ಎಳೆಯಬೇಕು. ಆ ಇನ್ನೊಂದು ಸುತ್ತು ಎಳೆಯದವನ ಸರಕೇ ದಾರಿಯಲ್ಲಿ ಬೀಳುವುದು.

ತಿರುಪನ್ನು ಕೈಯಿಂದ ಬಿಗಿದ. ಚಕ್ರ ತಿರುಗಿಸಿದ. ಸೂಜಿ ಏರಿತು, ಇಳಿಯಿತು. ಅಷ್ಟೇ ಆಗಬೇಕಿದ್ದದ್ದು. ಆದರೆ ಕೆಂಪು ಪೆಟ್ಟಿಗೆ ಬಾಯಿ ತೆರೆದುಕೊಂಡು ಪಕ್ಕದಲ್ಲೇ ಇತ್ತು. ಇಕ್ಕಳದಲ್ಲಿ ತಿರುಪನ್ನು ಕಚ್ಚಿಸಿ, ಮಂಡಿಯೂರಿ, ಇನ್ನೊಂದು ಸುತ್ತು ಎಳೆದ.

ಟಕ್ ಎಂದಿತು. ತಿರುಪಿನ ತಲೆ ಇಕ್ಕಳದ ಬಾಯಲ್ಲಿ ಉಳಿಯಿತು, ಕತ್ತು ಯಂತ್ರದೊಳಗೆ ಉಳಿಯಿತು. ಚಕ್ರ ಮೊದಲಿನ ಹಾಗೆಯೇ ಗಿರ್ರನೆ ತಿರುಗಿತು.

ಹೆಂಡತಿ ಬಂದು ನೋಡಿದಳು. ಬೈಯಲಿಲ್ಲ. ಅದರಿಂದ ಅವನಿಗೆ ಇನ್ನೂ ಗೊಂದಲವಾಯಿತು.

"ಸಡಿಲ ಇತ್ತು ಕಣೇ," ಎಂದ.

"ನಾನೇ ಸಡಿಲ ಮಾಡಿದ್ದು."

"ಬೇಕು ಅಂತಲೇ?"

"ಮಷಿನ್ ಸಾಗಿಸೋವಾಗ ಅದನ್ನ ಸಡಿಲ ಮಾಡ್ಬೇಕು. ಚಕ್ರ ಎಲ್ಲಿಗಾದ್ರೂ ತಾಗಿ ತಿರುಗಿದ್ರೂ ಸೂಜಿ ಅಲ್ಲಾಡಬಾರ್ದು."

"ಸಾಗಿಸೋವಾಗ ಬಿಗಿ ಮಾಡ್ಬೇಕು."

"ಮೂಟೆನ."

"ಯಾವುದನ್ನಾದ್ರೂ."

"ಹಾಗಾದ್ರೆ ಬನ್ನಿ, ನಿಮ್ಮ ಮೂಟೆ ಹತ್ರಾನೇ ಕೋಟು ಹೊಲಿಸೋಣ."

ಅವಳು ಹೇಳುವುದು ಸರಿ ಎಂದು ಅವನಿಗೆ ಅನ್ನಿಸಿತು. ತಾನು ಹೇಳುವುದೂ ಸರಿ ಎಂದೇ ಅನ್ನಿಸಿತು. ಎತ್ತು ಏರಿಗೆ, ಕೋಣ ನೀರಿಗೆ. ಬಂಡಿ ಮಾತ್ರ ಮುರಿದಿತ್ತು.

ಅವಳು ಫೋನ್ ಹಿಡಿದು ಯಂತ್ರದ ಅಂಗಡಿಗೆ ಕೇಳಿದಳು. ಅಷ್ಟು ಹಳೆಯದರ ತಿರುಪು ಇಲ್ಲ, ತರಿಸಬೇಕು ಎಂದರು. ಫೋನ್ ಕೆಳಗಿಟ್ಟು, "ಅಮ್ಮನ ಮಷಿನ್ ಅಲ್ಲಿ ಸುಮ್ನೆ ಕೂತಿದೆ. ಬಸ್ಸಿಗೆ ಹೋದ್ರೆ ಅರ್ಧ ಗಂಟೆ," ಎಂದಳು.

"ನಿನ್ನೆ ಸಂಜೆ ಬಂದಿದೀವಿ. ಇವತ್ತು ಬೆಳಿಗ್ಗೆ ವಾಪಸ್ ಹೋಗ್ತೀಯಾ?"

ಅವಳಿಗೂ ಆ ಮಾತು ತಾಗಿತು. ಬೇರೆ ಮನೆ ಮಾಡೋಣ ಎಂದು ಹಟ ಹಿಡಿದವಳು ಅವಳೇ. ನಿನ್ನೆ ಹೊರಡುವಾಗ ಬಾಗಿಲಲ್ಲಿ ನಿಂತು, "ಹೋಗಿ ಬನ್ನಿ, ಅನ್ನಕ್ಕೆ ಎರಡು ಹಿಡಿ ಹೆಚ್ಚಿಗೇ ಹಾಕಿರ್ತೀನಿ," ಎಂದಿದ್ದಳು ತಾಯಿ.

"ಐದು ನಿಮಿಷ ಕೊಡು," ಎಂದ ಅವನು.

ಕೊಟ್ಟಳು.

ಅವನು ಕಬ್ಬಿಣದ ತಂತಿಯಿಂದ ಚಕ್ರವನ್ನು ಅದರ ದಂಡಕ್ಕೆ ಬಿಗಿದು ಕಟ್ಟಿದ. ಕಟ್ಟುವುದು ಗೊತ್ತಿದ್ದ ಕೆಲಸ. ಕಟ್ಟು ನಿಂತಿತು. ಸೂಜಿ ಕುಣಿಯಿತು. ಅವಳು ಏನೂ ಹೇಳದೆ ಬಾಬಿನ್ನಿಗೆ ಕೈಯಲ್ಲೇ ದಾರ ಸುತ್ತಿಕೊಂಡು ಹೊಲಿಯಲು ಕೂತಳು. ಒಂದು ಕೋಟು ಮುಗಿಯಿತು. ಅವನು ಅದನ್ನು ಎರಡು ಸಲ ಬಿಡಿಸಿ ನೋಡಿದ.

ಅಷ್ಟರಲ್ಲಿ ಫೋನ್ ಬಂತು. ಮಾವ.

"ಏನು ಅಳಿಯಂದ್ರೇ, ಮನೆ ನಿಂತಿದೆಯಾ?"

"ನಿಂತಿದೆ ಮಾವ."

"ಏನಾದ್ರೂ ಬೇಕಾ? ನಾನು ಬಿಡುವಾಗೇ ಇದೀನಿ. ನನ್ನ ಸಾಮಾನಿನ ಪೆಟ್ಟಿಗೆ ತಗೊಂಡು ಬರ್ಲಾ?"

ಹೆಂಡತಿ ಯಂತ್ರದಿಂದ ತಲೆಯೆತ್ತಿ ನೋಡಿದಳು. ಹೂಂ ಎನ್ನಲು ಹೇಳುತ್ತಿದ್ದಾಳೋ ಊಹೂಂ ಎನ್ನಲೋ, ಆ ಮುಖದಿಂದ ಅವನಿಗೆ ಗೊತ್ತಾಗಲಿಲ್ಲ.

"ಏನೂ ಬೇಡ ಮಾವ. ಎಲ್ಲಾ ಆಗಿದೆ."

"ಏನು ಸದ್ದೇ ಇಲ್ಲ? ಮಗಳು ಹೊಲೀತಾ ಇಲ್ವಾ?"

"ಊಟಕ್ಕೆ ಎದ್ದಿದಾಳೆ."

"ಹನ್ನೊಂದೂವರೆಗೆ ಊಟಾನಾ?" ಎಂದರು ಮಾವ. ಅವನು ಫೋನಿಟ್ಟ.

ಎರಡನೆಯ ಕೋಟಿನ ತೋಳಿಗೆ ಬಂದಾಗ ತಂತಿ ಜಾರಿತು. ಸೂಜಿ ಅರ್ಧ ದಾರಿಯಲ್ಲಿ ನಿಂತು, ಬಟ್ಟೆ ಎಳೆದಾಗ ಮುರಿಯಿತು. ಅವನು ತಂತಿಯ ಮೇಲೆ ತಂತಿ ಕಟ್ಟಿದ. ನಾಲ್ಕು ಹೊಲಿಗೆ ಬಿದ್ದವು, ಮತ್ತೊಂದು ಸೂಜಿ ಹೋಯಿತು. ಆಮೇಲೆ ಅವನು ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ನೆಲದ ಮೇಲೆ ಸುರಿದ. ಕಪ್ಪು ಟೇಪು ಸುತ್ತಿ ನೋಡಿದ. ಎಲ್ ಕಡ್ಡಿಯೊಂದನ್ನು ಮುರಿದ ಕತ್ತಿನ ತೂತಿಗೆ ಬೆಣೆಯ ಹಾಗೆ ಹೊಡೆದು ನೋಡಿದ. ಅದು ಒಳಗೆ ಹೋಯಿತು. ಆಚೆ ಬರಲಿಲ್ಲ.

ಸುತ್ತಿಗೆಯ ಸದ್ದಿಗೆ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದಳು. "ಏನಪ್ಪಾ, ಬಂದು ಒಂದು ದಿನ ಆಗಿಲ್ಲ, ಗೋಡೆ ಒಡೀತಿದೀಯಾ?"

"ಮಷಿನ್ ರಿಪೇರಿ ಅಜ್ಜಿ."

ಅಜ್ಜಿ ನೆಲದ ಮೇಲೆ ಹರಡಿದ್ದನ್ನು ನೋಡಿದಳು. "ರಿಪೇರಿಯವನು ಎಲ್ಲಿ?"

"ನಾನೇ."

"ಓ," ಎಂದಳು ಅಜ್ಜಿ. ಹೆಂಡತಿಯ ಕಡೆ ತಿರುಗಿ, "ಮಧ್ಯಾಹ್ನ ನಾನು ಮಲಗೋ ಹೊತ್ತು ಕಣಮ್ಮಾ," ಎಂದು ಇಳಿದುಹೋದಳು.

ಮೂರನೆಯ ಸೂಜಿ ಮುರಿದಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಅವಳು ಎದ್ದು ಉಳಿದ ಐದು ಕೋಟುಗಳನ್ನು ಚೀಲಕ್ಕೆ ತುಂಬಿದಳು.

"ಇನ್ನೊಂದು ಸಲ ನೋಡ್ತೀನಿ," ಎಂದ.

"ನೋಡಿ."

"ನಾನೂ ಬರ್ಲಾ?"

"ಬರೋದಾದ್ರೆ ಬನ್ನಿ."

ಇದು ಕರೆಯೋ ಬೇಡವೆನ್ನುವುದೋ ಎಂದು ಅವನು ಯೋಚಿಸುತ್ತಿದ್ದಾಗಲೇ ಅವಳ ಚಪ್ಪಲಿಯ ಸದ್ದು ಕೊನೆಯ ಮೆಟ್ಟಿಲು ಮುಟ್ಟಿತ್ತು. ಅಟೆಂಡರ್ ಬಂದಾಗ ಮನೆಯಲ್ಲಿ ಯಾರಾದರೂ ಇರಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡು ಉಳಿದ. ಉಪಕರಣಗಳನ್ನು ಗುಳಿಗಳಿಗೆ ವಾಪಸು ಹೊಂದಿಸಲು ಕೂತ. ಬೆಳಿಗ್ಗೆ ಎಲ್ಲವೂ ಅದರಲ್ಲಿ ಹಿಡಿಸಿದ್ದವು. ಈಗ ಒಂದು ಕಡ್ಡಿ ಯಂತ್ರದಲ್ಲೇ ಉಳಿದಿದ್ದರೂ ಮುಚ್ಚಳ ಕೂರುತ್ತಿರಲಿಲ್ಲ. ಅದರ ತಲೆಬುಡ ತಿಳಿಯಲಿಲ್ಲ.

ಐದಕ್ಕೆ ಸರಿಯಾಗಿ ಅಟೆಂಡರ್ ಬಂದ. ಕೋಟುಗಳನ್ನು ಎಣಿಸಿ, "ಏಳೇ ಇದಾವಲ್ಲ ಸಾರ್," ಎಂದ.

"ಉಳಿದದ್ದು ಈಗ ಬರ್ತವೆ. ಒಂದರ್ಧ ಗಂಟೆ ಕೂತ್ಕೊಳ್ಳಿ."

"ಕೂತ್ಕೊಂಡ್ರೆ ನನ್ನ ಕೆಲಸಾನೂ ಕೂತ್ಕೊಳ್ಳುತ್ತೆ. ಕೇಳಿ ಹೇಳ್ತೀನಿ, ಇರಿ." ಅವನು ಬಾಗಿಲಾಚೆ ನಿಂತು ಫೋನಿನಲ್ಲಿ ಮಾತಾಡಿದ. ಮಾತಾಡಿದ್ದಕ್ಕಿಂತ ಹೂಂಗುಟ್ಟಿದ್ದೇ ಹೆಚ್ಚು. "ಏಳು ತಗೊಂಡು ಬಾ ಅಂದ್ರು ಮೇಟ್ರನ್. ಉಳಿದಿದ್ದು ಬೇಡವಂತೆ. ಆ ಟೈಲರ್ ಅಂಗಡಿಯವರಿಗೇ ಹೇಳ್ತಾರಂತೆ, ಮುಂದಿಂದೂ ಅಲ್ಲಿಗೇ."

"ಹೊಲಿಯೋ ಮಷಿನ್ ಕೆಟ್ಟಿತ್ತು ಅಂತ ಹೇಳ್ಬೇಕಿತ್ತು ನೀವು."

"ಹೇಳ್ದೆ ಸಾರ್. ಕೆಟ್ಟ ಮಷಿನ್ ಇಟ್ಕೊಂಡು ಕೆಲಸ ಯಾಕೆ ಹಿಡಿದ್ರು ಅಂತ ಕೇಳಿದ್ರು."

ಯಂತ್ರ ಬೆಳಿಗ್ಗೆ ತನಕ ಚೆನ್ನಾಗಿತ್ತು ಎಂದರೆ ಇನ್ನೂ ಕೆಟ್ಟದಾಗುತ್ತಿತ್ತು.

ಅವಳು ಬಂದಾಗ ಐದೂ ಮುಕ್ಕಾಲು. ಚೀಲದಲ್ಲಿ ಐದೂ ಕೋಟು ಮುಗಿದು, ಇಸ್ತ್ರಿಯಾಗಿ, ಗೆರೆ ಕೆಡದ ಹಾಗೆ ಮಡಿಸಿ ಇದ್ದವು. ಮೆಟ್ಟಿಲು ಓಡಿ ಹತ್ತಿ ಏದುಸಿರು ಬಿಡುತ್ತಿದ್ದವಳು ಕೋಟುಗಳನ್ನು ಇಟ್ಟಿದ್ದ ಮೇಜು ಖಾಲಿ ಇರುವುದನ್ನು ನೋಡಿದಳು.

"ಒಯ್ದ್ರಾ?"

"ಏಳು ಒಯ್ದ್ರು. ಇವು ಬೇಡವಂತೆ."

"ಮುಂದಿನ ಆರ್ಡರ್ರು?"

"ಅಂಗಡಿಗಂತೆ."

ಅವಳು ಚೀಲ ಕೆಳಗಿಟ್ಟು ಗೋಡೆಗೆ ಒರಗಿ ಕೂತಳು. ಅವನು ನೀರು ತಂದುಕೊಟ್ಟ. ಕುಡಿದಳು.

"ಮಾವ ಏನಂದ್ರು?" ಎಂದು ಕೇಳಿದ.

"ಏನೂ ಅನ್ನಲಿಲ್ಲ. ತಿರುಪು ಮುರಿದಿದ್ದು ನಾನೇ ಅಂತ ಹೇಳ್ದೆ."

ಅವಳು ಹಾಗೆ ಯಾಕೆ ಹೇಳಿದಳೆಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಕೇಳಿದ್ದರೂ ಉತ್ತರ ಅರ್ಥವಾಗುತ್ತಿತ್ತು ಎಂಬ ನಂಬಿಕೆ ಅವನಿಗಿರಲಿಲ್ಲ. ಅವಳು ಒಂದು ಕೋಟು ಬಿಡಿಸಿ ಜೇಬಿನ ಮೇಲಿನ ನೀಲಿ ಅಕ್ಷರಗಳನ್ನು ಉಗುರಿನಿಂದ ಕೆರೆದು ನೋಡಿದಳು. ಹೆಸರು ಬಿಚ್ಚಿ ಬೇರೆಯವರಿಗೆ ಮಾರೋಣವೆಂದರೆ ಬಟ್ಟೆಯಲ್ಲಿ ತೂತು ಉಳಿಯುತ್ತಿತ್ತು.

ಹೊಸ ಮನೆಯ ಮೊದಲ ದಿನ ಹೋದದ್ದು ಇಷ್ಟು: ಒಂದು ತಿರುಪು, ಮೂರು ಸೂಜಿ, ಐದು ಕೋಟು, ಒಂದು ಆಸ್ಪತ್ರೆ.