ಗೆಳತಿಯ ಗಾಳಿ

ಹುಣಸೂರಿನ ಉಮ್ಮೆಹಾನಿ ಮತ್ತು ಹಂಪಾಪುರದ ರಮ್ಯ ಹಾಯಿದೋಣಿ ನಡೆಸುವುದನ್ನು ಕಲಿತದ್ದು ಒಂದೇ ದೋಣಿಯಲ್ಲಿ. ಕಾಲೇಜಿನ ಎನ್‌ಸಿಸಿಯಿಂದ ಕಬಿನಿ ಹಿನ್ನೀರಿಗೆ ಬಂದಾಗ ಇಬ್ಬರಿಗೂ ಈಜು ಕೂಡ ನೆಟ್ಟಗೆ ಬರುತ್ತಿರಲಿಲ್ಲ. ಉಮ್ಮೆಹಾನಿ ಚುಕ್ಕಾಣಿ ಹಿಡಿದರೆ, ರಮ್ಯ ಮುಂದೆ ಕೂತು, ನೀರನ್ನು ಕಪ್ಪಗೆ ಸುಕ್ಕುಗಟ್ಟಿಸುತ್ತ ಬರುವ ಗಾಳಿಯನ್ನು ಗುರುತಿಸುತ್ತಿದ್ದಳು. "ಬಂತು ಕಣೇ ಉಮ್ಮಿ, ಬಲಗಡೆಯಿಂದ!" ಎಂದರೆ ಸಾಕು, ಉಮ್ಮೆಹಾನಿ ಹಿಂದುಮುಂದು ನೋಡದೆ ದೋಣಿ ತಿರುಗಿಸುತ್ತಿದ್ದಳು.

ಈ ವರ್ಷ ರಾಜ್ಯ ತಂಡದಲ್ಲಿ ಹುಡುಗಿಯರಿಗೆ ಉಳಿದದ್ದು ಒಂದೇ ಜಾಗ, ಅದೂ ಒಬ್ಬರೇ ನಡೆಸುವ ದೋಣಿಗೆ. ಅಂತರಸಂತೆಯ ಹತ್ತಿರ ಆಯ್ಕೆಯ ರೇಸುಗಳು ನಡೆದವು. ಕೊನೆಯ ರೇಸಿನ ಹೊತ್ತಿಗೆ ಉಮ್ಮೆಹಾನಿ ಒಟ್ಟು ಅಂಕಗಳಲ್ಲಿ ಕೂದಲೆಳೆಯಷ್ಟು ಮುಂದಿದ್ದಳು. ರಮ್ಯ ಮೊದಲ ಮೂವರೊಳಗೆ ಬಂದರೆ ಜಾಗ ರಮ್ಯಳದು, ಇಲ್ಲವಾದರೆ ಉಮ್ಮೆಹಾನಿಯದು.

ಉಮ್ಮೆಹಾನಿ ತರಬೇತುದಾರ ಚಾಮಯ್ಯನವರನ್ನು ದಡದಲ್ಲಿ ಕೇಳಿದಳು: "ಸರ್, ನಾನು ಅವ್ಳ ಗಾಳಿಗೆ ಅಡ್ಡ ನಿಂತ್ರೆ ತಪ್ಪಾ?"

ಅವರು ಹೇಳಿದರು: "ರೂಲ್ಸ್‌ನಾಗೆ ತಪ್ಪಿಲ್ಲ ಕಣವ್ವ. ನೀನು ಗೆಲ್ಲೋದೂ ಬ್ಯಾಡ, ಅವಳು ಮುಂದಕ್ಕೆ ಓಗ್ದಿದ್ರೆ ಆಯ್ತು. ಮಾಡೋದು ಬುಡೋದು ನಿಂಗೆ ಸೇರಿದ್ದು."

ಎದುರುಗಾಳಿಗೆ ದೋಣಿ ನೇರ ಹೋಗುವುದಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ತಿರುಗುತ್ತ ಏರಬೇಕು. ಆಗ ಗಾಳಿ ಬರುವ ಕಡೆಗೆ ಇನ್ನೊಂದು ದೋಣಿ ಬಂದರೆ ಅದರ ಹಾಯಿ ಗಾಳಿಯನ್ನು ಕೆಡಿಸಿಬಿಡುತ್ತದೆ, ಹಿಂದಿನ ದೋಣಿ ಸೊರಗುತ್ತದೆ.

ರೇಸ್ ಶುರುವಾದಾಗ ರಮ್ಯ ಬಾಣದಂತೆ ಹೊರಟಳು. ಉಮ್ಮೆಹಾನಿ ಅವಳಿಗೂ ಗಾಳಿಗೂ ನಡುವೆ ಬಂದು ನಿಂತಳು. ರಮ್ಯಳ ಹಾಯಿ ಪಟಪಟ ಬಡಿದುಕೊಂಡು ಸಪ್ಪಗಾಯಿತು. ಅವಳು ಎಡಕ್ಕೆ ತಿರುಗಿದಳು, ಇವಳೂ ತಿರುಗಿದಳು. ಬಲಕ್ಕೆ ತಿರುಗಿದಳು, ಇವಳೂ ಬಲಕ್ಕೇ. ಆಮೇಲೆ ರಮ್ಯ ತಿರುಗುವಂತೆ ನಟಿಸಿ ತಪ್ಪಿಸಿಕೊಳ್ಳಲು ನೋಡಿದಳು. ಉಮ್ಮೆಹಾನಿ ಮೋಸಹೋಗಲಿಲ್ಲ. ನಿಜವಾಗಿ ತಿರುಗುವ ಮೊದಲು ರಮ್ಯ ಎಡಗಾಲನ್ನು ಒಳಕ್ಕೆಳೆದುಕೊಳ್ಳುತ್ತಾಳೆ. ಅದು ಅವಳ ಜೊತೆ ಒಂದೇ ದೋಣಿಯಲ್ಲಿ ಕೂತವಳಿಗಷ್ಟೇ ಗೊತ್ತು.

ಉಳಿದ ದೋಣಿಗಳೆಲ್ಲ ದೂರ ಹೋಗಿಬಿಟ್ಟವು. ನೀರಿನಿಂದ ಎದ್ದುನಿಂತ ಒಣಮರಗಳ ನಡುವೆ ಇವರಿಬ್ಬರೇ ಉಳಿದರು. ರಮ್ಯ ಕೂಗಲಿಲ್ಲ, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ಮೆಲ್ಲಗೆ ಹೇಳಿದಳು.

"ಉಮ್ಮಿ, ಗಾಳಿ ಬುಡೇ."

ಉಮ್ಮೆಹಾನಿ ಕಣ್ಣನ್ನು ಹಾಯಿಯ ಮೇಲಿಂದ ಕೀಳಲಿಲ್ಲ. ಕೈ ಚುಕ್ಕಾಣಿಯನ್ನು ಸಡಿಲ ಬಿಡಲಿಲ್ಲ. ಎಲ್ಲರಿಗಿಂತ ಹಿಂದೆ, ಒಬ್ಬರ ಬೆನ್ನಿಗೊಬ್ಬರು ದಡ ಸೇರಿದರು. ಜಾಗ ಸಿಕ್ಕಿದ್ದೂ ಚಪ್ಪಾಳೆ ಬಿದ್ದದ್ದೂ ಉಮ್ಮೆಹಾನಿಗೆ. ಅವಳು ತಿರುಗಿ ನೋಡುವಷ್ಟರಲ್ಲಿ ರಮ್ಯ ಬಟ್ಟೆ ಬದಲಿಸಿ ಬಸ್ಸು ಹತ್ತಿದ್ದಳು.

ತಂಡದ ಶಿಬಿರ ಕಡಲತೀರದಲ್ಲಿತ್ತು. ಉಪ್ಪುನೀರಿನ ಮೇಲೆ ಗಾಳಿ ಬೇರೆ ಥರ. ಎಲ್ಲಿಂದ ಬರುತ್ತಿದೆಯೆಂದು ತಿಳಿಯದೆ ಎಷ್ಟೋ ಸಲ ಉಮ್ಮೆಹಾನಿ ಮುಂದಿನ ಖಾಲಿ ಜಾಗದ ಕಡೆ ನೋಡುತ್ತಿದ್ದಳು. ರೇಸುಗಳಲ್ಲಿ ನಡುವೆಲ್ಲೋ ಬಂದಳು. ಫೋನ್ ಮಾಡಿದರೆ ರಮ್ಯ ಎತ್ತಲಿಲ್ಲ.

ಊರಿಗೆ ಬಂದವಳು ಮನೆಯಲ್ಲಿ ಎರಡು ದಿನವೂ ನಿಲ್ಲದೆ ಹಂಪಾಪುರಕ್ಕೆ ಹೋದಳು. ಬೈಯಲಿ, ಮುಖ ತಿರುಗಿಸಲಿ, ಎಲ್ಲಕ್ಕೂ ತಯಾರಾಗಿದ್ದಳು. ಬಾಗಿಲಲ್ಲಿ ರಮ್ಯಳ ತಾಯಿ ಸುಂದ್ರಮ್ಮ, "ಬಾರವ್ವ, ಎಷ್ಟು ದಿನ ಆಗಿತ್ತು!" ಎಂದು ಕೈ ಹಿಡಿದು ಒಳಗೆ ಕರೆದರು. ರಮ್ಯ ಅಡುಗೆಮನೆಯಿಂದ ಬಂದಳು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಬನ್ನಿ, ಕೂತ್ಕಳಿ," ಎಂದಳು. "ಕಾಫಿ ಕುಡೀತೀರಾ?"

ತಮಾಷೆಯೆಂದುಕೊಂಡು ಉಮ್ಮೆಹಾನಿ ನಕ್ಕಳು. ರಮ್ಯ ನಗಲಿಲ್ಲ. ಕಾಫಿ ತಂದುಕೊಟ್ಟು, ಮನೆಗೆ ಬಂದ ಯಾರನ್ನಾದರೂ ಕೇಳುವಂತೆ ಶಿಬಿರದ ಊಟ, ಕಡಲು, ಪ್ರಯಾಣ ಎಲ್ಲ ವಿಚಾರಿಸಿದಳು. ಉಮ್ಮೆಹಾನಿಗೆ 'ನೀನು' ಎನ್ನಲು ಧೈರ್ಯ ಬರಲಿಲ್ಲ, 'ನೀವು' ಎನ್ನಲು ಬಾಯಿ ಬರಲಿಲ್ಲ. ಹಾಗಾಗಿ ತಿರುಗಿ ಏನನ್ನೂ ಕೇಳದೆ, ಬಿಸಿಯಿದ್ದ ಕಾಫಿಯನ್ನು ಹಾಗೇ ಕುಡಿದು ಮುಗಿಸಿದಳು.