ಬೋಲ್ಟಿಗೆ ಬಿದ್ದ ಬೈಗುಳ

ಟಣ್ ಅಂತ ಒಂದು ಸದ್ದು ಬಂತು ನೋಡಿ, ನಿಧಾನಪ್ಪನ ಎದೆ ಧಸಕ್ ಅಂತು. ಗ್ಯಾರೇಜಿನ ಹಿಂದೆ ಕೈ ತೊಳೀತಿದ್ದೋನು ಸೋಪಿನ ನೊರೆ ಸಮೇತ ಓಡಿಬಂದ. ಮೆಕ್ಯಾನಿಕ್ ಆದೋನಿಗೆ ಆ ಸದ್ದು ಗೊತ್ತಾಗಲ್ವಾ? ಬೋಲ್ಟಿನ ತಲೆ ಹಾರಿದ ಸದ್ದು.

ಬೈಕು ಅವನ ಅಕ್ಕಂದು. ಅಕ್ಕ ನರ್ಸು. ಊರಾಚೆ ಹಾಸಿಗೆ ಹಿಡಿದೋರನ್ನೆಲ್ಲ ಅದ್ರ ಮೇಲೇ ಹೋಗಿ ನೋಡ್ಕೊಂಡು ಬರೋಳು. ಈಗ ಇಂಜಿನ್ನಿನ ಮುಚ್ಚಳ ಬಿಚ್ಚಬೇಕು. ಅದಕ್ಕಿರೋ ನಾಲ್ಕು ಬೋಲ್ಟೂ ತುಕ್ಕು ಹಿಡಿದು, ಅಲ್ಲೇ ಹುಟ್ಟಿ ಅಲ್ಲೇ ಸಾಯ್ತೀವಿ ಅನ್ನೋ ಹಂಗೆ ಕೂತಿದ್ವು. ನಿಧಾನಪ್ಪ ಹಿಂದಿನ ದಿನಾನೇ ಸುತ್ತ ಎಣ್ಣೆ ಬಿಟ್ಟು, "ನೆನೀಲಿ, ಯಾರೂ ಮುಟ್ಟಬೇಡಿ" ಅಂದಿದ್ದ.

ಮುಟ್ಟಿದ್ಯಾರು? ಭಾವ. ಅಕ್ಕನ ಗಂಡ. ಶುಚಿ ಅಂದ್ರೆ ಪ್ರಾಣ. ನೊಣ ಬಂದ್ರೂ ಕಾಲೊರೆಸ್ಕೊಂಡು ಬಾ ಅನ್ನೋ ಮನುಷ್ಯ. ಎಣ್ಣೆ ಕಂಡು, ಗಲೀಜು ಅಂತ ಬಟ್ಟೆ ತಗೊಂಡು ಥಳಥಳ ಅನ್ನೋ ಹಂಗೆ ಒರೆಸಿಬಿಟ್ಟಿದ್ರು. ಅಷ್ಟಕ್ಕೇ ಸುಮ್ನಿರದೆ ಬೋಲ್ಟು ತಿರುಗಿಸೋ ಪಾನಾ ಹಿಡಿಗೆ ಆಳುದ್ದ ಪೈಪು ಸಿಗಿಸಿ, ಅದರ ಮೇಲೆ ಹತ್ತಿ ಕುಣಿದಿದ್ರು.

"ಸ್ವಲ್ಪ ಬಿಗಿ ಇತ್ತು ಕಣೋ," ಅಂದ್ರು, ಬೋಲ್ಟಿನ ತಲೆ ಕೈಯಲ್ಲಿ ಹಿಡ್ಕೊಂಡು.

ನಿಧಾನಪ್ಪನ ಕೋಪ ನೆತ್ತಿಗೇರ್ತು. ಆ ನೆತ್ತಿ ಮೇಲೆ ಕೆಟಲ್ ಇಟ್ಟಿದ್ರೆ ಇಡೀ ಬೀದಿಗೆ ಟೀ ಕಾಯ್ತಿತ್ತು. ಬುಸ್ ಅಂತ ಉಸಿರು ಬಿಟ್ಟ ರಭಸಕ್ಕೆ ಮೂಲೇಲಿದ್ದ ಟ್ಯೂಬಿಗೆ ಗಾಳಿ ತುಂಬ್ಕೊಂಡ್ತು. ಆದ್ರೆ ಬಾಯಿ ಬಿಡೋ ಹಂಗಿಲ್ಲ. ಅಕ್ಕನ ಗಂಡ, ವಯಸ್ಸಲ್ಲಿ ದೊಡ್ಡೋರು. ಎದುರು ನಿಂತು ಬೈಯೋದುಂಟಾ?

ಬಾಗಿಲಲ್ಲಿ ಅಕ್ಕ ನಿಂತಿದ್ಲು, ಔಷಧಿ ಚೀಲ ಹೆಗಲಿಗೆ ಹಾಕ್ಕೊಂಡು. "ಏನಾಯ್ತೋ?"

"ಒಂದು ಹೋಯ್ತಕ್ಕ. ಮಿಕ್ಕ ಮೂರು ನೆಟ್ಟಗೆ ಬಂದ್ರೆ ಮುಚ್ಚಳ ಎತ್ತಿ ಇದರ ಮೋಟು ಹಿಡಿದು ತಿರುಗಿಸ್ತೀನಿ. ಇನ್ನೊಂದು ಒಳಗೇ ಮುರೀತೋ, ಇಂಜಿನ್ನು ಗುಜರಿಗೆ."

ಮತ್ತೆ ಎಣ್ಣೆ ಬಿಡೋಕೆ ಮುಂಚೆ ಗ್ಯಾಸಿನ ಉರಿ ಹಚ್ಚಿ ಮಿಕ್ಕ ಬೋಲ್ಟುಗಳ ಸುತ್ತ ಬಿಸಿ ಮಾಡಿ ಆರಿಸಿದ. ಆಮೇಲೆ ಎಣ್ಣೆ. ಆಮೇಲೆ ಸಣ್ಣ ಸುತ್ತಿಗೆ. ಬೋಲ್ಟಿನ ನೆತ್ತಿಗೆ ಟಕ್ ಟಕ್ ಅಂತ ಹದವಾಗಿ ಬಡೀಬೇಕು, ಒಳಗಿನ ತುಕ್ಕು ಸಡಿಲ ಆಗೋವರೆಗೂ. ಕೈಗೆ ಹದ ಬೇಕು, ಬಾಯಿಗೆ ಬೇಡ್ವಲ್ಲ!

"ಲೇ ಬೋಲ್ಟೇ," ಅಂದ. ಟಕ್. "ಮುಟ್ಟಬೇಡ ಅಂದ್ರೆ ಮುಟ್ಟೋ ದರಿದ್ರ ಬುದ್ಧಿ ಯಾರು ಕಲಿಸಿದ್ರೋ?" ಟಕ್. "ತಲೇಲಿ ತುಕ್ಕು ಬಿಟ್ರೆ ಇನ್ನೇನೈತೋ?" ಟಕ್.

"ನನಗೆ ಹೇಳ್ತಿದೀಯಾ?" ಅಂದ್ರು ಭಾವ.

"ಛೆ, ಬೋಲ್ಟಿಗೆ ಭಾವ. ನಿಮಗೆ ಹೇಳೋಷ್ಟು ದೊಡ್ಡೋನಾ ನಾನು?"

ಪಾನಾ ಹಾಕಿ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿದ, ಆಮೇಲೆ ಸಡಿಲ. ಕಿರ್ ಅಂತು. ತಿರುಗ್ತು! ಎರಡನೇದಕ್ಕೆ ಭಾವನ ಬಟ್ಟೆ, ಪೈಪು, ಕುಣಿತ ಎಲ್ಲದಕ್ಕೂ ಸೇರಿಸಿ ಮಂಗಳಾರತಿ ಎತ್ತಿದ. ಅದೂ ಬಂತು. ಭಾವನ ಮುಖ ಸುಟ್ಟ ಬದನೆಕಾಯಿ ಆಗಿತ್ತು. ಮೆಲ್ಲಗೆ ಹತ್ತಿರ ಬಂದ್ರು.

"ತಪ್ಪಾಯ್ತು ಕಣ..."

"ಈಗ ಬೇಡ ಭಾವ! ಇನ್ನೊಂದು ಬೋಲ್ಟೈತೆ. ಕೋಪ ಇಳಿದುಹೋದ್ರೆ ಏನಂತ ಬಡೀಲಿ?"

ಅಷ್ಟೊತ್ತಿಗೆ ಅಕ್ಕ ಚೀಲ ಕೆಳಗಿಟ್ಟು, ಸೆರಗು ಸಿಗಿಸ್ಕೊಂಡು ಮುಂದೆ ಬಂದ್ಲು.

"ಸುತ್ತಿಗೆ ಕೊಡಿಲ್ಲಿ."

"ಹದವಾಗಿ ಬಡೀಬೇಕಕ್ಕ."

"ದಿನಾ ಸೂಜಿ ಚುಚ್ಚೋಳಿಗೆ ಹದ ಹೇಳ್ಕೊಡ್ತೀಯಾ?" ಕೂತ್ಕೊಂಡ್ಲು. ಟಕ್. "ಯಾಕೋ ಬೋಲ್ಟೇ, ಮದುವೆ ಆದಾಗ್ಲಿಂದ ನನ್ನ ಒಂದು ವಸ್ತುನಾದ್ರೂ ಹಂಗೇ ಬಿಟ್ಟಿದೀಯೇನೋ?" ಟಕ್. "ನನ್ನ ಹೊಲಿಗೆ ಮಿಷನ್ ತೊಳೆದೋನು ಯಾರೋ?" ಟಕ್. "ನನ್ನ ರೇಡಿಯೋನ ಸೋಪಿನ ನೀರಲ್ಲಿ ಮುಳುಗಿಸಿದೋನು ಯಾರೋ?"

ನಿಧಾನಪ್ಪ ಪಾನಾ ಹಾಕೋಕೆ ಬಗ್ಗಿದ. ಬೋಲ್ಟು ಬೆರಳಿಗೇ ತಿರುಗಿ ಬಂತು.

"ಅಕ್ಕ, ಸಾಕು. ಬಂತು."

"ಸುಮ್ನಿರೋ," ಅಂದ್ಲು ಅಕ್ಕ, ಭಾವನ ಕಡೆ ತಿರುಗಿ, ಸುತ್ತಿಗೆ ಕೆಳಗಿಡದೆ. "ನಾನಿನ್ನೂ ರೇಡಿಯೋದಲ್ಲೇ ಇದೀನಿ."