ಗುಬ್ಬಿಯ ರಾಗ

ರಾತ್ರಿ ಪಾತ್ರೆ ತೊಳೆದು, ಒಲೆ ಒರೆಸಿ, ಕಿಟಕಿ ಮುಚ್ಚಿದ ಮೇಲೆ ನಾನು ಕೇಳುವುದು ಒಂದೇ ಹಾಡು. ಮಾತಿಲ್ಲದ ಹಾಡು, ನನ್ನ ಗಂಡ ಕ್ಲಾರಿಯೊನೆಟ್‌ನಲ್ಲಿ ತಾವೇ ಕಟ್ಟಿದ್ದು. ಅದರ ಹೆಸರು ‘ಗುಬ್ಬಿ’. ಮದುವೆಯಾದಾಗಿನಿಂದಲೂ ಅವರು ನನ್ನನ್ನು ಕರೆಯುತ್ತಿದ್ದುದೂ ಹಾಗೆಯೇ. ಬ್ಯಾಂಡ್‌ಸೆಟ್ಟಿನ ಕೆಲಸ ಮುಗಿಸಿ ಅಪರಾತ್ರಿಯಲ್ಲಿ ಬಂದರೂ ಅಡುಗೆಮನೆಯ ಬಾಗಿಲಲ್ಲಿ ಕೂತು, ಪಕ್ಕದ ಮನೆಯವರಿಗೆ ಎಚ್ಚರವಾಗದಂತೆ ಮೆತ್ತಗೆ ನುಡಿಸುತ್ತಿದ್ದರು.

ಹಾಡಿನ ಶುರುವಿನಲ್ಲಿ ಎರಡು ಸಲ ಸ್ವರ ತಡವರಿಸಿ ನಿಲ್ಲುತ್ತದೆ; ಆಮೇಲೆ ಹೊರಟಿತೆಂದರೆ ತಡೆಯೇ ಇಲ್ಲ. ಬಾಯಿಬಿಟ್ಟು ಒಂದು ಒಳ್ಳೆಯ ಮಾತಾಡಲು ನಾಚುವ ಗಂಡಸು. ಆ ತಡವರಿಕೆ ನನ್ನನ್ನು ಕರೆಯಲು ಅವರು ಪಡುವ ಸಂಕೋಚ ಎಂದುಕೊಂಡಿದ್ದೆ. ಇಷ್ಟು ವರ್ಷದ ಸಂಸಾರದಲ್ಲಿ ಒಡವೆ ಬೇಕೆಂದು ಕೇಳಲಿಲ್ಲ, ಅತ್ತೆಯ ಚುಚ್ಚುಮಾತಿಗೆ ತಿರುಗಿ ಆಡಲಿಲ್ಲ. ನನ್ನ ಹೆಸರಿನದೊಂದು ಹಾಡಿತ್ತಲ್ಲ.

ಈ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಮಾತು ಎರಡೂ ಹೋದವು. ಈಗ ಫೋನಿನಲ್ಲಿರುವ ರೆಕಾರ್ಡನ್ನೇ ಮಂಚದ ಪಕ್ಕ ಹಾಕುತ್ತೇನೆ.

ಮೊನ್ನೆ ಭಾನುವಾರ ಮಧ್ಯಾಹ್ನ ಬ್ಯಾಂಡಿನ ಡ್ರಮ್ಮಿನವನು ನೋಡಲು ಬಂದ. ನಾನು ಹಾಡು ಹಾಕಿಕೊಂಡು ಶರ್ಟುಗಳಿಗೆ ಗುಂಡಿಯ ಕಾಜಾ ಹೊಲಿಯುತ್ತಿದ್ದೆ. ಕೇಳುತ್ತಲೇ ತೊಡೆ ತಟ್ಟಿಕೊಂಡು ನಕ್ಕ.

“ಅಯ್ಯೋ, ಗುಬ್ಬಿ! ಎಂಥ ಗಾಡಿ ಅದು ಅತ್ತಿಗೆ! ಎಷ್ಟು ತಳ್ಳಿಸ್ಕೊಂಡಿದೆ ನಮ್ ಕೈಲಿ!”

“ಯಾವ ಗಾಡಿ?”

“ನಮ್ ಬ್ಯಾಂಡಿನ ವ್ಯಾನು. ಅದರ ಹೆಸರೇ ಗುಬ್ಬಿ. ಕೀ ತಿರುಗಿಸಿದ್ರೆ ಕುರ್ರ್... ಕುರ್ರ್... ಅಂತ ಸತ್ತೋಗ್ತಿತ್ತು. ಆಮೇಲೆ ಬುರ್ರಂತ ಎದ್ದೇಳೋದು. ಅಣ್ಣ ಅದನ್ನೇ ರಾಗ ಮಾಡ್ಬಿಟ್ಟ. ನಾವು ಬೆವರು ಸುರಿಸಿ ತಳ್ತಿದ್ರೆ ಈ ಪುಣ್ಯಾತ್ಮ ಹಿಂದೆ ನಿಂತ್ಕೊಂಡು ಊದೋನು!”

“ನನ್ನನ್ನೂ ಗುಬ್ಬಿ ಅಂತಿದ್ರಲ್ಲ,” ಎಂದೆ.

ಅವನ ನಗು ಅರ್ಧಕ್ಕೆ ನಿಂತಿತು. “ಗಾಡಿ ನಿಮಗಿಂತ ಮೊದ್ಲಿಂದು... ಅದನ್ನ ಗುಜರಿಗೆ ಹಾಕಿದ ವರ್ಷಾನೇ ನಿಮ್ಮ ಮದುವೆ. ಗಾಡಿ ಹೋದಾಗ ಅಣ್ಣ ಊಟ ಬಿಟ್ಟಿದ್ದ ಗೊತ್ತಾ? ನಿಮಗೂ ಆ ಹೆಸರು ಪ್ರೀತಿಗೇ ಇಟ್ಟಿರ್ತಾನೆ ಬಿಡಿ ಅತ್ತಿಗೆ.” ಚಹಾವನ್ನೂ ಪೂರ್ತಿ ಕುಡಿಯದೆ ಹೊರಟುಹೋದ.

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಮಂಚದ ಬಳಿ ಹೋದೆ.

“ರೀ, ಈ ಹಾಡು ವ್ಯಾನಿಂದಾ?”

“ಹೂಂ.”

“ಹಾಗಾದ್ರೆ ನಂದಲ್ವಾ?”

“ಹೂಂ.”

“ನಂದೂ ಹೌದಾ?”

“ಹೂಂ.”

ಲಕ್ವ ಅವರಿಗೆ ಉಳಿಸಿಕೊಟ್ಟಿರುವುದು ಅದೊಂದೇ ಸದ್ದು. ನೀರು ಬೇಕೆಂದರೂ ಬೇಡವೆಂದರೂ ಅದೇ. ಅದು ಗೊತ್ತಿದ್ದೂ ಕೇಳಿದ್ದೆ. ಸಿಟ್ಟು ಮಾಡೋಣವೆಂದರೆ ತಿರುಗಿ ಜಗಳವಾಡುವವರಿಲ್ಲ. ಗುಜರಿಗೆ ಹೋದ ವ್ಯಾನಿನ ಮೇಲೆ ಹೊಟ್ಟೆಕಿಚ್ಚು ಎಂದು ಯಾರ ಹತ್ತಿರ ಹೇಳಿಕೊಳ್ಳಲಿ?

“ನನ್ನ ಮುಖ ನೋಡಿ ಒಂದ್ಸಲ ಗುಬ್ಬಿ ಅನ್ನಿ, ಸಾಕು.”

ಅವರು ತುಟಿ ಕೂಡಿಸಲು ನೋಡಿದರು. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಹೊರಗೆ ಬಂದದ್ದು ಮತ್ತದೇ ಹೂಂ.

“ಆಯ್ತು ಬಿಡಿ, ಗೊತ್ತಾಯ್ತು,” ಎಂದು ಸುಳ್ಳು ಹೇಳಿ ಅವರ ಬಾಯಿ ಒರೆಸಿದೆ.